ಅತ್ತೆಯ ಜೊತೆಗೊಂದು ಹನಿಮೂನು

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿ ಮಾರಾಟಕ್ಕಿರುವ ಮನೆಗಳನ್ನು ನೋಡಲು ಹೋದರೆ ಬಾಗಿಲಲ್ಲೇ ಒಂದು ಬುಟ್ಟಿ ಇಟ್ಟಿರುತ್ತಾರೆ. ಬುಟ್ಟಿಯ ತುಂಬ ಬಾಯಿಗೆ ಎಲಾಸ್ಟಿಕ್ಕು ಹೊಲಿದ ನೀಲಿ ಚೀಲಗಳು. ಷೂ ಬಿಚ್ಚುವ ಗೋಜಿಲ್ಲ, ಅದರ ಮೇಲೆಯೇ ಚೀಲ ಏರಿಸಿಕೊಂಡು ಒಳಗೆ ಹೋಗಬೇಕು, ನೆಲಕ್ಕೆ ಧೂಳಾಗಬಾರದು. ಕಳೆದ ಭಾನುವಾರ ಅಂಥದೊಂದು ಮನೆಯ ಹೊಸ್ತಿಲಲ್ಲಿ ಒಂಟಿ ಕಾಲಲ್ಲಿ ನಿಂತು, ಗೋಡೆ ಹಿಡಿದುಕೊಂಡು, ಚೀಲವನ್ನು ಹಿಮ್ಮಡಿಗೆ ಎಳೆಯುತ್ತಿದ್ದಾಗ ಇದ್ದಕ್ಕಿದ್ದಂತೆ ನನಗೆ ನಗು ಬಂತು. ಮುಗುಳ್ನಗೆಯಲ್ಲ, ಸಭ್ಯರ ನಗುವೂ ಅಲ್ಲ. ಹೊಟ್ಟೆಯ ಆಳದಿಂದ ಕುಕ್ಕರಿನ ಸೀಟಿಯಂತೆ ಎದ್ದುಬರುವ ನಗು. ಮನೆ ತೋರಿಸುತ್ತಿದ್ದ ಏಜೆಂಟ್ ಹೆಂಗಸು ಮೊದಲು ತಾನೂ ನಕ್ಕಳು, ಆಮೇಲೆ ಯಾಕೆ ನಕ್ಕೆನೆಂದು ಗೊತ್ತಾಗದೆ ನಿಲ್ಲಿಸಿದಳು. ಮಿಡ್ಲ್ ಸ್ಕೂಲಿನ ನನ್ನ ಮಗಳು "ಅಮ್ಮಾ, ಸ್ಟಾಪ್, ಪೀಪಲ್ ಆರ್ ಲುಕಿಂಗ್" ಎಂದು ನನ್ನಿಂದ ಸಾಧ್ಯವಾದಷ್ಟು ದೂರ ಸರಿದಳು. ಗಂಡ ಮಾತ್ರ ನನ್ನ ಪಾದ ನೋಡಿ, ಮುಖ ನೋಡಿ, ಕೆಂಪಾಗಿ, "ಏ, ಇಲ್ಲಿ ಬ್ಯಾಡ, ಪ್ಲೀಸ್" ಎಂದ.

ಅವನಿಗೆ ಗೊತ್ತು. ಕಾಲಿಗೆ ಚೀಲ ಹಾಕಿಕೊಂಡಾಗಲೆಲ್ಲ ನನಗೆ ನನ್ನ ಹನಿಮೂನು ನೆನಪಾಗುತ್ತದೆ. ಆ ಹನಿಮೂನಿಗೆ ಅವನು ಬಂದಿರಲಿಲ್ಲ. ನಾನು ಹೋದದ್ದು ಅತ್ತೆಯ ಜೊತೆ.

ತಡೆಯಿರಿ, ಹೇಳುತ್ತೇನೆ. ನೀವು ದಕ್ಷಿಣದವರಾಗಿದ್ದು ಈ ಕಡೆಯ ಯಾವುದಾದರೂ ಆಫೀಸಿನಲ್ಲಿ ಕೆಲಸ ಮಾಡಿದ್ದರೆ ಒಂದು ಪ್ರಶ್ನೆ ನಿಮಗೂ ಬಂದಿರುತ್ತದೆ. ಇಂಡಿಯಾದವರಾ? ಹಾಗಾದರೆ ತಾಜ್ ಮಹಲ್ ನೋಡಿರುತ್ತೀರಿ! ಮೈಸೂರಿನಿಂದ ಆಗ್ರಾ ಎಷ್ಟು ದೂರವೆಂದು ವಿವರಿಸಲು ಹೋದರೆ ಕಾಫಿ ಆರಿಹೋಗುತ್ತದೆ. ಸ್ಯಾನ್ ಮಟಿಯೋದ ನನ್ನ ಗಂಡನ ಆಫೀಸಿನಲ್ಲಿ ಈ ಪ್ರಶ್ನೆ ಬಂದಾಗ ಅವನು ಬಹಳ ಗಂಭೀರವಾಗಿ ಉತ್ತರಿಸುತ್ತಾನಂತೆ: "ಇಲ್ಲ, ನಾನು ನೋಡಿಲ್ಲ. ನನ್ನ ಹನಿಮೂನಿಗೆ ನನ್ನ ಹೆಂಡತಿ ಮತ್ತು ನನ್ನ ತಾಯಿ ಹೋಗಿದ್ದರು." ಆಮೇಲೆ ಯಾರೂ ಏನೂ ಕೇಳುವುದಿಲ್ಲವಂತೆ.

ನಮ್ಮದು ಹಿರಿಯರು ಕೂಡಿಸಿದ ಮದುವೆ. ಹುಡುಗ ವಿಜಯಪುರದವನು, ಹೆಸರು ಸುಧೀಂದ್ರ, ಕ್ಯಾಲಿಫೋರ್ನಿಯಾದಲ್ಲಿ ಕೆಲಸ. ನಾನು ಮೈಸೂರಿನ ಅಗ್ರಹಾರದವಳು, ಮಂಡ್ಯ ದಾಟಿದರೆ ತಲೆಸುತ್ತು. ನೋಡಲು ಬಂದಾಗ ಒಮ್ಮೆ, ನಿಶ್ಚಿತಾರ್ಥದಲ್ಲಿ ಒಮ್ಮೆ ಮಾತಾಡಿದ್ದೆವು. ಉಳಿದದ್ದೆಲ್ಲ ಫೋನಿನಲ್ಲಿ, ಅದರಲ್ಲೂ ಮುಕ್ಕಾಲು ಪಾಲು "ಮತ್ತೆ?" "ನೀವೇ ಹೇಳಿ." ಛತ್ರದಲ್ಲಿ ಅತ್ತೆ ನನಗೆ ಆಡಿದ ಮೊದಲ ಮಾತು, "ಭಾಳ ಸೆಕಿ ಅದ, ಫ್ಯಾನ್ ಹಚ್ಚು ಹುಡುಗಿ." ನಮ್ಮ ಕಡೆ ಹಚ್ಚುವುದೆಂದರೆ ಒಂದೋ ದೀಪ, ಇಲ್ಲವೇ ತರಕಾರಿ. ನಾನು ಗಾಬರಿಯಿಂದ ಫ್ಯಾನನ್ನೊಮ್ಮೆ ಅತ್ತೆಯನ್ನೊಮ್ಮೆ ನೋಡುತ್ತ ನಿಂತೆ. ಮೊದಲ ದಿನವೇ ಬೆಂಕಿಯ ಮಾತು, ಈ ಮನೆತನ ಎಂಥದೋ ಎಂದು ನನ್ನ ಚಿಕ್ಕಮ್ಮ ಪಿಸುಗುಟ್ಟಿದರು. ಅತ್ತೆ ತಾವೇ ಎದ್ದು ಸ್ವಿಚ್ಚು ಒತ್ತಿದರು. ಅಂದಿನಿಂದ ನಾವಿಬ್ಬರೂ ಒಬ್ಬರೆದುರು ಒಬ್ಬರು ಬಾಯಿ ಬಿಡಲು ಹೆದರಿದೆವು.

ಅಮೆರಿಕಕ್ಕೆ ವಿಮಾನ ದೆಹಲಿಯಿಂದ. ದೆಹಲಿಯಲ್ಲಿ ಅತ್ತೆಯ ತಮ್ಮನ ಮನೆ. ಬೀಳ್ಕೊಡಲು ಅತ್ತೆಯೂ ಅಲ್ಲಿಗೆ ಬಂದಿದ್ದರು. ಆ ತಮ್ಮ ನಮಗೆ ಉಡುಗೊರೆಯೆಂದು ಆಗ್ರಾಕ್ಕೆ ಒಂದು ದಿನದ ಪ್ರವಾಸದ ಎರಡು ಸೀಟು ಕಾದಿರಿಸಿದ್ದರು. ಎ.ಸಿ. ಬಸ್ಸು, ಗೈಡು, ಊಟ, ಎಲ್ಲ ಸೇರಿ ನವದಂಪತಿಗಳಿಗೆಂದೇ ಮಾಡಿದ ಪ್ಯಾಕೇಜು. ನನಗೋ ತಾಜ್ ಮಹಲಿನ ಉಮೇದೇ ಇರಲಿಲ್ಲ. ವಿಮಾನ ಹತ್ತುವ ದಿನ ಹತ್ತಿರವಾದಂತೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಗುರುತಿಲ್ಲದ ಗಂಡಸಿನ ಜೊತೆ ಗುರುತಿಲ್ಲದ ದೇಶ. ಹೊರಗೆ ಬಂದು ಕಣ್ಣಿಗೆ ಸೋಪು ಹೋಯಿತೆನ್ನುತ್ತಿದ್ದೆ. ಇವಳು ಎಷ್ಟು ಸೋಪು ಹಚ್ಚಿಕೊಳ್ಳುತ್ತಾಳಪ್ಪಾ ಎಂದು ಮನೆಯವರು ಅಂದುಕೊಂಡಿರಬೇಕು.

ಪ್ರವಾಸದ ಹಿಂದಿನ ಸಂಜೆ ಸುಧೀಂದ್ರ ಬೀದಿಯಲ್ಲಿ ಛೋಲೆ ಭಟೂರೆ ತಿಂದ. ಅಮೆರಿಕದ ನೀರು ಕುಡಿದ ಹೊಟ್ಟೆ. ಬೆಳಿಗ್ಗೆ ನಾನು ರೇಷ್ಮೆ ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಸಿದ್ಧಳಾಗಿ ನಿಂತರೆ ಅವನು ಬಚ್ಚಲಿನ ಬಾಗಿಲ ಹಿಂದಿನಿಂದ, "ನೀನು ಹೋಗ್ಬಿಟ್ಟು ಬಾ... ಸಾರಿ... ಅಯ್ಯೋ" ಎಂದ. ನಾನು ಮನಸ್ಸಿನಲ್ಲೇ ಛೋಲೆ ಭಟೂರೆಗೆ ನಮಸ್ಕಾರ ಹಾಕಿ ಬಳೆ ಬಿಚ್ಚತೊಡಗಿದ್ದೆ. ಆಗ ಅತ್ತೆ ಅಡುಗೆಮನೆಯಿಂದ ಬಂದರು. ಇಳಕಲ್ ಸೀರೆ ಉಟ್ಟಾಗಿತ್ತು, ಕೈಯಲ್ಲಿ ಬಟ್ಟೆಯ ಚೀಲ.

"ಬಳಿ ಯಾಕ ತಗೀತಿ? ನಡಿ, ನಾ ಬರ್ತೀನಿ" ಎಂದರು.

ಬಸ್ಸಿನ ತುಂಬ ಜೋಡಿಗಳು. ಹುಡುಗಿಯರ ಕೈಯಲ್ಲಿ ಮೊಣಕೈವರೆಗೆ ಕೆಂಪು ಬಳೆ, ಹುಡುಗರ ಮುಖದಲ್ಲಿ ಹೊಸ ಜವಾಬ್ದಾರಿ. ತಿವಾರಿ ಎಂಬ ಗೈಡು ಮೈಕು ಹಿಡಿದು ಸ್ವಾಗತ ಹೇಳಿ, ಒಂದೊಂದು ಜೋಡಿಯ ಮುಂದೂ ನಿಂತು ಎರಡೆರಡು ಚೆಂಡುಹೂವಿನ ಹಾರ ಕೊಟ್ಟು, ಬದಲಾಯಿಸಿಕೊಳ್ಳಲು ಹೇಳುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಸೀಟಿನ ಮುಂದೆ ಬಂದವರು ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಕೈಯಲ್ಲಿದ್ದ ಹಾರ ನೋಡಿದರು.

"ದೂಲ್ಹೇ ರಾಜಾ ಕಹಾಂ ಹೈ?" ಮದುಮಗ ಎಲ್ಲಿ?

ವಿಜಯಪುರದ ಓಣಿಯಲ್ಲಿ ಬೆಳೆದ ಅತ್ತೆಗೆ ದಖನಿ ಉರ್ದು ನೀರು ಕುಡಿದಷ್ಟು ಸಲೀಸು. ಮೈಕು ಬಾಯಿಯ ಮುಂದೆಯೇ ಇದೆ ಎಂಬುದನ್ನು ಅವರು ಗಮನಿಸಲಿಲ್ಲ. "ಉಸ್ಕಾ ಪೇಟ್ ಖರಾಬ್ ಹೋಗಯಾ ಮಿಯಾಂ. ಸಂಡಾಸ್ ಮೇ ಬೈಠಾ ಹೈ!" ಅವನ ಹೊಟ್ಟೆ ಕೆಟ್ಟಿದೆ, ಪಾಯಿಖಾನೆಯಲ್ಲಿ ಕೂತಿದ್ದಾನೆ!

ಬಸ್ಸು ಹೋ ಎಂದಿತು. ನನಗೆ ಸೀಟಿನ ಕೆಳಗೆ ನುಗ್ಗುವಷ್ಟು ನಾಚಿಕೆ. "ಮಾತಾಜೀ, ನಾನು ಮಿಯಾಂ ಅಲ್ಲ, ತಿವಾರಿ" ಎಂದು ಗೈಡು ಹಿಂದಿಯಲ್ಲಿ ನಿವೇದಿಸಿಕೊಂಡರು. "ಹೌ ಮಿಯಾಂ" ಎಂದು ಒಪ್ಪಿಕೊಂಡು ಅತ್ತೆ ಹಾರ ಎರಡನ್ನೂ ಇಸಕೊಂಡರು. ಒಂದನ್ನು ನನ್ನ ಕೊರಳಿಗೆ ಹಾಕಿ, ಇನ್ನೊಂದನ್ನು ನನ್ನ ಕೈಗೆ ಕೊಟ್ಟು ತಲೆ ಬಗ್ಗಿಸಿದರು. "ಹಾಕು ಹಾಕು. ಹೂವು ಬಾಡ್ತಾವ." ಹಾಕಿದೆ. ಎಲ್ಲರಿಗಿಂತ ಜೋರು ಚಪ್ಪಾಳೆ ನಮಗೇ ಬಿತ್ತು.

ಆಗ್ರಾ ಬರುವಷ್ಟರಲ್ಲಿ ತಿವಾರಿಯವರ ಮೈಕು ಹೆಸರಿಗೆ ಮಾತ್ರ ಅವರದಾಗಿತ್ತು. ಸಿಕಂದರಾದಲ್ಲಿ ಅಕ್ಬರನ ಗೋರಿ ತೋರಿಸಿದರೆ ಅತ್ತೆ, "ಛಲೋ ಅದ. ಆದ್ರ ಮ್ಯಾಲೆ ಗುಮ್ಮಟಾನ ಇಲ್ಲಲ್ಲ? ನಮ್ಮ ಊರಾಗ ಗೋಳಗುಮ್ಮಟ ಅದ, ಅದರ ಹೊಟ್ಟ್ಯಾಗ ಒಂದ ಕಂಬ ಇಲ್ಲ ನೋಡು" ಎಂದರು. ಅದನ್ನೇ ದಖನಿಯಲ್ಲಿ ಎಲ್ಲರಿಗೂ ಹೇಳಿದರು. ಕೋಟೆಗೆ ಹೋದೆವು. ಅಲ್ಲಿನ ಕಿಟಕಿಯೊಂದರಿಂದ, ನದಿಯ ಆಚೆ ತಿರುವಿನಲ್ಲಿ, ಹೊಗೆಯಂಥ ಮಬ್ಬಿನಲ್ಲಿ ತಾಜ್ ಮಹಲ್ ಮೊದಲ ಸಲ ಕಂಡಿತು. ಜೋಡಿಗಳೆಲ್ಲ ಆಹಾ ಎಂದವು. ಅತ್ತೆ ಕಣ್ಣು ಕಿರಿದು ಮಾಡಿ, "ಇಷ್ಟ ಸಣ್ಣದ?" ಎಂದರು.

ಇದೇ ಕೋಣೆಯಲ್ಲಿ ಷಹಜಹಾನನನ್ನು ಅವನ ಮಗ ಔರಂಗಜೇಬ ಕೂಡಿಹಾಕಿದ್ದನೆಂದು, ಮುದುಕ ಇಲ್ಲಿಂದಲೇ ಹೆಂಡತಿಯ ಗೋರಿ ನೋಡುತ್ತ ಪ್ರಾಣ ಬಿಟ್ಟನೆಂದು ತಿವಾರಿ ಗದ್ಗದರಾಗಿ ಹೇಳಿದರು. ಅತ್ತೆಗೆ ಮಾತ್ರ ಎಷ್ಟೋ ವರ್ಷದ ವ್ಯಾಜ್ಯ ಗೆದ್ದ ಸಂತೋಷ.

"ನನಗ ಗೊತ್ತಿತ್ತು! ನಮ್ಮ ಬಿಜಾಪುರಕ್ಕ ಮುತ್ತಿಗಿ ಹಾಕಿ, ನಮ್ಮ ಆದಿಲಶಾಹಿನ್ನ ಹಾಳ ಮಾಡಿದಾಂವ ಇವನ! ಹಡೆದ ಅಪ್ಪನ್ನ ಬಿಡದಾಂವ ನಮ್ಮನ್ನ ಬಿಡ್ತಾನೇನು?"

ಬಾದಶಹನ ವಿರುದ್ಧ ಇಷ್ಟು ಖಾಸಗಿಯಾದ ದೂರನ್ನು ತಿವಾರಿ ಅದುವರೆಗೆ ಕೇಳಿರಲಾರರು. ಸೋತವರಂತೆ ಊಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅತ್ತೆ ಹೋಟೆಲಿನ ಪನೀರನ್ನು ಪಕ್ಕಕ್ಕೆ ಸರಿಸಿ ತಮ್ಮ ಚೀಲ ಬಿಚ್ಚಿದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಮುಂದಿನ ಸೀಟಿನ ಪಂಜಾಬಿ ಹುಡುಗಿಗೆ ಒಂದು ಚೂರು ರುಚಿ ತೋರಿಸಿದ್ದೇ ತಡ, ಹೊಸ ಸೊಸೆಯರೆಲ್ಲ ನಮ್ಮ ಮೇಜಿಗೇ ಬಂದರು. ಮುಮ್ತಾಜಳಿಗೆ ಹದಿನಾಲ್ಕು ಹೆರಿಗೆ ಆಗಿತ್ತೆಂದು, ಕೊನೆಯದರಲ್ಲೇ ತೀರಿಕೊಂಡಳೆಂದು ತಿವಾರಿ ಬಸ್ಸಿನಲ್ಲಿ ಹೇಳಿದ್ದರಲ್ಲ, ಅದರ ಬಗ್ಗೆ ಅತ್ತೆ ರೊಟ್ಟಿ ಮುರಿಯುತ್ತ ತಮ್ಮ ಅಭಿಪ್ರಾಯ ಕೊಟ್ಟರು: ಆಮೇಲೆ ಅಮೃತಶಿಲೆ ತರಿಸುವ ಬದಲು ಮೊದಲೇ ಒಳ್ಳೆಯ ಸೂಲಗಿತ್ತಿಯನ್ನು ತರಿಸಬೇಕಿತ್ತು. ಸೊಸೆಯರು ತಲೆದೂಗಿದರು. ದೂರದ ಮೇಜಿನಲ್ಲಿ ಗಂಡಂದಿರು ಒಂಟಿಯಾಗಿ ಪನೀರು ತಿನ್ನುತ್ತಿದ್ದರು.

ಇಷ್ಟೆಲ್ಲ ಮಾತಾಡಿದ ಅತ್ತೆ ತಾಜ್ ಮಹಲಿನ ಹೆಬ್ಬಾಗಿಲು ದಾಟಿದ ಕೂಡಲೇ ಸುಮ್ಮನಾಗಿಬಿಟ್ಟರು. ಕೆಂಪು ಕಲ್ಲಿನ ಕತ್ತಲೆ ಕಮಾನಿನಿಂದ ಹೊರಗೆ ಬಂದರೆ ಎದುರಿಗೆ ಅದು ನಿಂತಿತ್ತು. ಚಿತ್ರದಲ್ಲಿ, ಕ್ಯಾಲೆಂಡರಿನಲ್ಲಿ, ಬಿಸ್ಕತ್ತಿನ ಡಬ್ಬದ ಮೇಲೆ ಎಷ್ಟು ಸಲ ನೋಡಿದ್ದರೂ ಅದು ಹಾಗಿರುತ್ತದೆಂದು ಯಾರೂ ನಮಗೆ ಹೇಳಿರಲಿಲ್ಲ. ಅತ್ತೆ ನಡೆದೇ ನಡೆದರು. ಅತ್ತೆಯ ಆಕ್ಷೇಪಣೆಗಾಗಿ ತಿವಾರಿ ಆಗಾಗ ತಿರುಗಿ ನೋಡುತ್ತಿದ್ದರು. ಬರಲಿಲ್ಲ. ಪಾಪ, ದಣಿದಿದ್ದಾರೆ ಎಂದುಕೊಂಡೆ.

ಕಟ್ಟೆಯ ಬುಡದಲ್ಲಿ ತಿವಾರಿ ಎಲ್ಲರಿಗೂ ಕಾಲಿಗೆ ಹಾಕುವ ಬಿಳಿ ಚೀಲ ಹಂಚಿದರು. ಅತ್ತೆಯ ಚಪ್ಪಲಿಗೆ ಅದನ್ನು ಏರಿಸಲು ನಾನು ಕೂತುಕೊಂಡೆ. "ಏನಿದು, ಪಾದಕ್ಕ ಟೊಪಿಗಿ!" ಎಂದರು. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಇಬ್ಬರಿಗೂ ಬಾತುಕೋಳಿಯ ನಡಿಗೆ. ಹಾಗೇ ಪಚಪಚ ಎನ್ನುತ್ತ ಗುಮ್ಮಟದೊಳಗೆ ಹೋದೆವು. ಒಳಗೆ ತಂಪು, ಕತ್ತಲೆ, ಜನ. ಮಾತಾಡಬಾರದು ಎಂದು ತಿವಾರಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದರು. ಅತ್ತೆ ಕತ್ತೆತ್ತಿ ಮೇಲೆ ನೋಡಿದರು. ಅವರ ಮುಖದಲ್ಲಿ ಏನೋ ಬರುತ್ತಿರುವುದು ನನಗೆ ಕಾಣಿಸಿತು, ಆದರೆ ತಡೆಯುವಷ್ಟು ಸಲಿಗೆ ಇರಲಿಲ್ಲ.

"ತಡಿ, ಒಮ್ಮೆ ನೋಡೇ ಬಿಡೋಣು" ಎಂದವರೇ, ಎರಡೂ ಕೈ ಬಾಯಿಗೆ ಹಿಡಿದು, ಗೋಳಗುಮ್ಮಟದಲ್ಲಿ ಕೂಗುವ ಹಾಗೆ ಮಗನನ್ನು ಕರೆದರು. "ಸುಧೀಂದ್ರಾ!"

ದೇವರೇ. ಮೇಲೆ ಹೋದ ಹೆಸರು ಕೆಳಗಿಳಿಯಲೇ ಇಲ್ಲ. ಇಂದ್ರಾ, ಇಂದ್ರಾ, ಇಂದ್ರಾ ಎಂದು ಗೋಡೆ ಗೋಡೆ ಸವರಿಕೊಂಡು, ಹಿಗ್ಗಿ, ದೇವಸ್ಥಾನದ ಗಂಟೆಯ ಕೊನೆಯ ಗುಂಯ್‌ಗುಡುವಿಕೆಯ ಹಾಗೆ ತಲೆಯ ಮೇಲೆ ತಿರುಗುತ್ತಲೇ ಇತ್ತು. ಜನರೆಲ್ಲ ಉಸಿರು ಬಿಗಿಹಿಡಿದು ಮೇಲೆ ನೋಡಿದರು. ದೆಹಲಿಯಲ್ಲಿ ಬಚ್ಚಲಿನಲ್ಲಿದ್ದ ನನ್ನ ಗಂಡ ಷಹಜಹಾನನ ತಲೆಯ ಮೇಲೆ ದೇವೇಂದ್ರನಾಗಿ ಮೊಳಗುತ್ತಿದ್ದ.

ಆಗ ಪೀಪಿ ಊದಿತು. ಮೂಲೆಯಿಂದ ಕಾವಲುಗಾರ ಬರುತ್ತಿದ್ದ.

"ಓಡು!" ಎಂದರು ಅತ್ತೆ.

ಓಡಿದೆವು. ರೇಷ್ಮೆ ಸೀರೆ ಮೊಣಕಾಲಿಗೆ ಎತ್ತಿ ಹಿಡಿದು ನಾನು, ಕಚ್ಚೆ ಕಟ್ಟಿದವರಂತೆ ನೆರಿಗೆ ಸಿಕ್ಕಿಸಿಕೊಂಡು ಅವರು. ಕಾಲಿನ ಚೀಲ ಅಮೃತಶಿಲೆಯ ಮೇಲೆ ನಿಲ್ಲುವುದಿಲ್ಲ, ಅರ್ಧ ಓಡಿದೆವು, ಅರ್ಧ ಜಾರಿದೆವು. ನದಿಯ ಕಡೆಯ ಜಗಲಿಗೆ ಬಂದು ಮಿನಾರಿನ ಮರೆಯಲ್ಲಿ ಕುಕ್ಕರಿಸಿದಾಗ ಇಬ್ಬರಿಗೂ ಉಸಿರಿಲ್ಲ. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಲ್ಲಿಂದ ಶುರುವಾದ ನಗು! ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು "ಇಂದ್ರಾ" ಎಂದು ಮತ್ತೆ ಹೊತ್ತಿಸಿ ನಕ್ಕೆವು. ಮದುವೆಯಾದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಫೋಟೋದವನೊಬ್ಬ ಬೆನ್ನು ಹತ್ತಿದ. ಎಲ್ಲರೂ ಕೂತು ಫೋಟೋ ತೆಗೆಸಿಕೊಳ್ಳುವ ಕಲ್ಲಿನ ಬೆಂಚಿನ ಮೇಲೆ ನಮ್ಮನ್ನು ಕೂರಿಸಿದ. ಅವನಿಗೆ ಬರುತ್ತಿದ್ದುದು ಜೋಡಿಗಳ ಭಂಗಿ ಮಾತ್ರ. ಕೈ ಹಿಡಿದುಕೊಳ್ಳಿ ಎಂದ, ಒಬ್ಬರ ಹೆಗಲಿಗೆ ಒಬ್ಬರು ಒರಗಿ ಎಂದ, ಕಣ್ಣಲ್ಲಿ ಕಣ್ಣಿಡಿ ಎಂದ. ಕಣ್ಣಲ್ಲಿ ಕಣ್ಣಿಟ್ಟ ತಕ್ಷಣ ಇಬ್ಬರಿಗೂ ಮತ್ತೆ ನಗು ಉಕ್ಕಿತು. ಆ ಫೋಟೋದಲ್ಲಿ ತಾಜ್ ಮಹಲ್ ಬಹಳ ಗಂಭೀರವಾಗಿದೆ, ನಾವು ಕಳ್ಳರ ಹಾಗೆ ಕಾಣುತ್ತೇವೆ.

ಈ ಸಂಭ್ರಮದಲ್ಲಿ ನಮ್ಮ ಗುಂಪು ತಪ್ಪಿತು. ಕಾವಲುಗಾರನಿಗೆ ಹೆದರಿ ಬಂದ ಬಾಗಿಲು ಬಿಟ್ಟು ಬೇರೆ ಬಾಗಿಲಿನಿಂದ ಹೊರಬಿದ್ದೆವು. ಅಲ್ಲಿ ನಮ್ಮ ಬಸ್ಸಿಲ್ಲ, ಗುರುತಿನ ಒಂದು ಮುಖವಿಲ್ಲ. ಅತ್ತೆಯ ಫೋನು ಬಸ್ಸಿನಲ್ಲಿದ್ದ ರೊಟ್ಟಿಯ ಚೀಲದಲ್ಲಿತ್ತು, ನನ್ನದು ದೆಹಲಿಯಲ್ಲಿ. ತಾಜ್ ಮಹಲ್ ಆದಮೇಲೆ ಬಸ್ಸು ಪೇಠಾ ಅಂಗಡಿಗೆ ಹೋಗುತ್ತದೆ ಎಂದು ತಿವಾರಿ ಹೇಳಿದ್ದಷ್ಟೇ ನೆನಪು. ಪೇಠಾ ಎಂದರೆ ಬೂದುಗುಂಬಳದ ಸಿಹಿ, ಆ ಊರಿನ ಹೆಸರುವಾಸಿ ತಿಂಡಿ. ಅಷ್ಟರಲ್ಲಿ ಅತ್ತೆಯ ಕಣ್ಣಿಗೆ ಒಂದು ಟಾಂಗಾ ಬಿತ್ತು. ವಿಜಯಪುರದವರಿಗೆ ಟಾಂಗಾ ಕಂಡರೆ ತವರು ಕಂಡಂತೆ. ನಾನು ಅಳುವುದೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವರು ಟಾಂಗಾದವನ ಮನೆಮಂದಿಯ ಕ್ಷೇಮಸಮಾಚಾರ ವಿಚಾರಿಸಿ, ಕುದುರೆಯ ಬೆನ್ನು ತಟ್ಟಿ, ಹತ್ತಿ ಕೂತಿದ್ದರು.

ಕುದುರೆಗೆ ಯಾವ ಅವಸರವೂ ಇರಲಿಲ್ಲ. ಟಕ್ ಟಕ್ ಎಂದು ಹೋಗುತ್ತಿದ್ದಾಗ ನನ್ನ ಕಣ್ಣಲ್ಲಿ ನೀರು ತಾನಾಗಿ ಇಳಿಯಿತು. ಅಲ್ಲಿ ಸೋಪಿರಲಿಲ್ಲ, ನೆಪ ಹೇಳುವಂತಿರಲಿಲ್ಲ.

"ಬಸ್ಸು ಸಿಗ್ತದ, ಅಳಬ್ಯಾಡ" ಎಂದರು ಅತ್ತೆ.

"ಬಸ್ಸಿಗಲ್ಲ ಅತ್ತೆ" ಎಂದೆ. ಹೇಳಿಯೇಬಿಟ್ಟೆ. "ನಂಗೆ ಅಲ್ಲಿಗೆ ಹೋಗೋಕೆ ಭಯ ಆಗ್ತಿದೆ. ಅವ್ರ ಹತ್ರ ಏನು ಮಾತಾಡ್ಬೇಕು ಅಂತಾನೇ ಗೊತ್ತಾಗಲ್ಲ."

ನಾನು ನಿರೀಕ್ಷಿಸಿದ್ದು ಉಪದೇಶ. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿ ಹೇಳಿದರು: "ಅವಂಗೂ ಗೊತ್ತಿಲ್ಲ ಬಿಡು. ಅಂವ ಸಣ್ಣಾಂವಿದ್ದಾಗಿಂದ ಮೂಕ. ಬ್ಯಾಸರಾದ್ರ ನನಗ ಫೋನ್ ಹಚ್ಚು. ಅವನ ಮ್ಯಾಲೆ ಸಿಟ್ಟು ಬಂದ್ರೂ ನನಗ ಹಚ್ಚು. ಇಬ್ಬರೂ ಕೂಡಿ ಬಯ್ಯೋಣು."

ಸ್ವಲ್ಪ ದೂರ ಹೋದ ಮೇಲೆ, ಕುದುರೆಯ ಕಿವಿ ನೋಡುತ್ತ, ತಮ್ಮಷ್ಟಕ್ಕೆ ಹೇಳಿಕೊಳ್ಳುವವರಂತೆ ಮತ್ತೆ ಮಾತಾಡಿದರು. "ನನ್ನ ಲಗ್ನ ಆದಾಗ ನಿಮ್ಮ ಮಾವನೋರು ತಾಜ್ ಮಹಲ್ ತೋರಸ್ತೀನಿ ಅಂದಿದ್ರು. ನಾ ಹೊಸಾ ಸೀರಿ ಉಟಗೊಂಡು ತಯಾರಾದೆ. ಕರಕೊಂಡು ಹೋಗಿದ್ದು ಗೋಳಗುಮ್ಮಟಕ್ಕ. ಮನಿಯಿಂದ ನಡಕೋತ! ಎರಡೂ ಗುಮ್ಮಟಾನ, ಏನ್ ಫರಕ ಅಂದ್ರು. ಅವರು ಇರೋತನಾ ನಾನೂ ಅದನ್ನ ಅಂದೆ. ಏನ್ ಫರಕ, ಏನ್ ಫರಕ ಅಂತ."

ಮಾವ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ನಾನು ಅವರ ಕೈ ಹಿಡಿದುಕೊಂಡೆ. ಈ ಸಲ ಫೋಟೋದವನು ಹೇಳಿರಲಿಲ್ಲ.

"ಖರೇ ಹೇಳ್ಲೇನು?" ಎಂದು ಅತ್ತೆ ಟಾಂಗಾದವನಿಗೂ ಕೇಳಿಸದಂತೆ ನನ್ನ ಕಿವಿಗೆ ಬಗ್ಗಿದರು. "ಭಾಳ ಚಂದ ಅದ. ಊರಾಗ ಯಾರ ಮುಂದೂ ಹೇಳಬ್ಯಾಡ ಮತ್ತ."

ಪೇಠಾ ಅಂಗಡಿ ಹುಡುಕುವುದು ಸುಲಭವೆಂದು ನೀವು ತಿಳಿದಿದ್ದರೆ ನೀವು ಆಗ್ರಾ ನೋಡಿಲ್ಲ. ಬೀದಿಯ ಎರಡೂ ಕಡೆ ಪೇಠಾ ಅಂಗಡಿಗಳೇ, ಎಲ್ಲವೂ ತಾವೇ ಅಸಲಿ, ತಾವೇ ಹಳೆಯವು ಎಂದು ಬೋರ್ಡು ಹಾಕಿಕೊಂಡಿದ್ದವು. ಪ್ರತಿಯೊಂದರಲ್ಲೂ ಇಳಿದು ತಿವಾರಿಯವರನ್ನು ಕೇಳಿದೆವು. ಪ್ರತಿಯೊಬ್ಬರೂ ತಿವಾರಿ ಗೊತ್ತಿಲ್ಲವೆಂದು ಹೇಳಿ ರುಚಿಗೆ ಒಂದು ತುಂಡು ಪೇಠಾ ಕೊಟ್ಟರು. ಕೇಸರಿಯದು, ಗುಲಾಬಿಯದು, ವೀಳ್ಯದೆಲೆಯದು. ನಮ್ಮ ಬಸ್ಸು ಕಣ್ಣಿಗೆ ಬೀಳುವಷ್ಟರಲ್ಲಿ ಸಿಹಿಯ ಅಮಲು ತಲೆಗೇರಿ ಇಬ್ಬರೂ ಕಾರಣವಿಲ್ಲದೆ ಕಿಸಿಕಿಸಿ ನಗುತ್ತಿದ್ದೆವು. ಬಸ್ಸಿನ ಮುಂದೆ ತಿವಾರಿ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಟಾಂಗಾದಿಂದ ಇಳಿಯುತ್ತಿದ್ದ ಅತ್ತೆಯನ್ನು ಕಂಡು ಕೈಮುಗಿದು ಆಕಾಶ ನೋಡಿದರು. ಕಿಟಕಿಗಳಿಂದ ಸೊಸೆಯರೆಲ್ಲ ಕೈಬೀಸಿ ಕೂಗಿದರು. ಅತ್ತೆ ತಿವಾರಿಯವರ ಬೆನ್ನು ತಟ್ಟಿ ಸಮಾಧಾನ ಮಾಡಿದರು. "ರೋನಾ ನಕ್ಕೋ ಮಿಯಾಂ." ಅಳಬೇಡ.

ಈ ಸಲ ತಿವಾರಿ ತಿದ್ದಲಿಲ್ಲ.

ದೆಹಲಿಗೆ ಮರಳಿದಾಗ ಸುಧೀಂದ್ರ ಗೇಟಿನಲ್ಲೇ ನಿಂತಿದ್ದ, ಮಜ್ಜಿಗೆ ಅನ್ನದ ಬಲದ ಮೇಲೆ. ಬಾಡಿದ ಹಾರ ಹಾಕಿಕೊಂಡು, ಕೈಕೈ ಹಿಡಿದು ಬರುತ್ತಿದ್ದ ತಾಯಿಯನ್ನೂ ಹೆಂಡತಿಯನ್ನೂ ನೋಡಿ "ಏನಾಯ್ತು?" ಎಂದ. ಅತ್ತೆ "ಇಂದ್ರಾ" ಎಂದರು. ನಾವಿಬ್ಬರೂ ಗೇಟು ಹಿಡಿದುಕೊಂಡು ನಕ್ಕೆವು. ಪಾಪ, ಅವನಿಗೆ ಅಂದು ಆದದ್ದನ್ನೆಲ್ಲ ಹೇಳಲು ನನಗೆ ವಿಮಾನದ ದಾರಿಯುದ್ದಕ್ಕೂ ಬೇಕಾಯಿತು. ಹೇಳಿದೆ. ಮಾತೇ ಬರುವುದಿಲ್ಲವೆಂದು ಹೆದರಿದ್ದವಳು ಸಮುದ್ರ ದಾಟುವವರೆಗೆ ಬಾಯಿ ಮುಚ್ಚಲಿಲ್ಲ. ಎಲ್ಲೋ ಸಾಗರದ ಮೇಲೆ ಅವನೂ ಮೊದಲ ಸಲ ಗಟ್ಟಿಯಾಗಿ ನಕ್ಕ. ನಕ್ಕಾಗ ಅವನು ತಾಯಿಯ ಹಾಗೇ ಕಾಣುತ್ತಾನೆಂದು ಗೊತ್ತಾದದ್ದು ಆಗ.

ಆಮೇಲೆ ನಾನು ಫೋನು ಹಚ್ಚಿದ್ದಕ್ಕೆ ಲೆಕ್ಕವಿಲ್ಲ. ಇಬ್ಬರೂ ಕೂಡಿ ಬಯ್ದೆವು ಕೂಡ. ಅತ್ತೆ ಇಲ್ಲಿಗೆ ಬಂದದ್ದು ಒಂದೇ ಸಲ, ಮಗಳು ಹುಟ್ಟಿದಾಗ. ಈಗ ಹಿರಿಯ ಮಗನ ಮನೆಯಲ್ಲಿ, ವಿಜಯಪುರದಲ್ಲೇ ಇದ್ದಾರೆ. ಮೊಣಕಾಲು ಹಿಡಿದುಕೊಂಡಿದೆ, ನಾಲಿಗೆ ಹಿಡಿದುಕೊಂಡಿಲ್ಲ.

ಭಾನುವಾರ ಆ ಮನೆಯೊಳಗೆ ಓಡಾಡುತ್ತಿದ್ದರೂ ನಾನು ಏನನ್ನೂ ನೋಡುತ್ತಿರಲಿಲ್ಲ. ಶಾಲೆ ಎಷ್ಟು ಹತ್ತಿರ, ಅಡುಗೆಮನೆಯ ಕಲ್ಲು ಎಲ್ಲಿಯದು ಎಂದು ಏಜೆಂಟ್ ಹೇಳುತ್ತಿದ್ದಳು. ಇಷ್ಟು ತಿಂಗಳಿಂದ ನಾನೂ ಅದನ್ನೇ ಕೇಳುತ್ತಿದ್ದವಳು. ಅಂದು ನನ್ನ ಬಾಯಿಂದ ಬೇರೆ ಪ್ರಶ್ನೆ ಬಂತು. ಕೆಳಗಡೆ ಬೆಡ್‌ರೂಮು ಇದೆಯೇ? ಇಲ್ಲ, ಮಲಗುವ ಕೋಣೆಗಳೆಲ್ಲ ಮೇಲೆ, ನೋಟ ಬಹಳ ಚೆನ್ನಾಗಿದೆ ಎಂದಳು. "ಹಾಗಾದರೆ ಈ ಮನೆ ನಮಗಾಗುವುದಿಲ್ಲ. ನಮ್ಮತ್ತೆಗೆ ಮೆಟ್ಟಿಲು ಹತ್ತಲಾಗುವುದಿಲ್ಲ" ಎಂದೆ.

ಬೆರ್ರಿಯೆಸಾದ ನಮ್ಮ ಅಪಾರ್ಟ್‌ಮೆಂಟಿಗೆ ಹಿಂತಿರುಗುವಾಗ ಫ್ರೀವೇಯಲ್ಲಿ ಸುಧೀಂದ್ರ ಮತ್ತೆ ಮತ್ತೆ ನನ್ನ ಕಡೆ ತಿರುಗಿ ನೋಡುತ್ತಿದ್ದ. ಅಮ್ಮನನ್ನು ಕರೆಸಿಕೊಳ್ಳೋಣವೇ ಎಂದು ಕೇಳಬೇಕೆಂದು ಅವನು ಎಷ್ಟೋ ದಿನದಿಂದ ಒದ್ದಾಡುತ್ತಿದ್ದುದು ನನಗೆ ಗೊತ್ತಿತ್ತು. ಅವನು ಕೇಳಲಿ ಎಂದು ನಾನೂ ಕಾಯುತ್ತಿದ್ದೆ. ಮನಸ್ಸು ಕಲಕಿದಾಗ, ಅವನು ನನ್ನ ಜೊತೆ ಆಡುವ ಬೆಂಗಳೂರು ಕನ್ನಡ ಕಳಚಿಬೀಳುತ್ತದೆ. "ನೀ ಖರೇನ ಹೇಳಿದೇನು?" ಎಂದ.

"ಖರೇನ" ಎಂದೆ. ಹಿಂದಿನ ಸೀಟಿನಿಂದ ಮಗಳು, "ವೇಯ್ಟ್, ಅಜ್ಜಿ ಈಸ್ ಕಮಿಂಗ್? ಫಾರ್ ರಿಯಲ್?" ಎಂದು ಇಯರ್‌ಫೋನು ಕಿತ್ತಳು.

ಸಂಜೆ, ಅಲ್ಲಿ ಬೆಳಗಾಗುವ ಹೊತ್ತಿಗೆ, ಫೋನು ಹಚ್ಚಿದೆ. ಅತ್ತೆ ಚಹಾ ಕುಡಿಯುತ್ತಿದ್ದರು. ಹೇಳಿದೆ. ಇನ್ನೊಂದು ಗುಟುಕು ಕುಡಿದರು.

"ಅಲ್ಲಿ ಬಂದು ನಾ ಏನ್ ಮಾಡ್ಲಿ? ನೋಡ್ಲಿಕ್ಕೆ ಏನದ ಅಲ್ಲೆ?"

"ದೊಡ್ಡ ಸೇತುವೆ ಇದೆ ಅತ್ತೆ. ಹೋದ ಸಲ ಮಂಜು ಮುಚ್ಚಿಕೊಂಡು ಕಾಣಲೇ ಇಲ್ವಲ್ಲ, ಅದು."

"ಎಷ್ಟು ಉದ್ದ ಅದ?"

"ತುಂಬಾ ಉದ್ದ."

"ನಮ್ಮ ಆಲಮಟ್ಟಿ ಡ್ಯಾಮಿಗಿಂತಾ?"

"ಗೊತ್ತಿಲ್ಲ ಅತ್ತೆ" ಎಂದೆ. "ನೀವೇ ಬಂದು ನೋಡಿ ಹೇಳ್ಬೇಕು."

ಕಪ್ಪನ್ನು ತಟ್ಟೆಯ ಮೇಲೆ ಇಟ್ಟ ಸದ್ದು ಕೇಳಿಸಿತು.

"ಬರ್ತೀನಿ ತಡಿ" ಎಂದರು ಅತ್ತೆ.